ಎಂಟು ಬ್ಲೈಂಡ್ ಉಳಿದಾಗ

ಮೊದಲೇ ಹೇಳಿಬಿಡ್ತೀನಿ, ನಾನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ. ನನಗೆ ಬರೋದು ಮನೇಲಿ ಮಾತಾಡೋ ಕನ್ನಡ, ಅದನ್ನೇ ಬರೀತಿದ್ದೀನಿ. ಭಾಷೆಯಲ್ಲಿ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಲೆಕ್ಕದಲ್ಲಿ ತಪ್ಪಿದ್ದರೆ ಮಾತ್ರ ಬಂದು ಹೇಳಿ, ಯಾಕಂದ್ರೆ ಈ ಲೇಖನ ಪೂರ್ತಿ ಲೆಕ್ಕದ ಮೇಲೇ ನಿಂತಿದೆ.

ನಮ್ಮೂರು ಕೋಗಿಲು. ಏರ್‌ಪೋರ್ಟ್ ಕಡೆ ಹೋಗುವಾಗ ಕೋಗಿಲು ಕ್ರಾಸ್ ಸಿಗ್ನಲ್‌ನಲ್ಲಿ ನೀವೆಲ್ಲ ಒಂದಲ್ಲ ಒಂದು ದಿನ ಸಿಕ್ಕಿಹಾಕಿಕೊಂಡಿರ್ತೀರ. ಸುತ್ತ ಎಷ್ಟು ಅಪಾರ್ಟ್‌ಮೆಂಟ್ ಎದ್ದರೂ ಒಳಗಿನ ಹಳೇ ಬೀದಿಗಳು ಇನ್ನೂ ಊರೇ. ಹಳೇ ಮೈಸೂರು ಕಡೆಯ ಬೇಕಾದಷ್ಟು ಊರುಗಳ ಹಾಗೆ ನಮ್ಮಲ್ಲೂ ಯುಗಾದಿ ಅಂದ್ರೆ ಬೇವು ಬೆಲ್ಲ, ಒಬ್ಬಟ್ಟು, ಮಾರನೇ ದಿನ ಹೊಸತೊಡಕಿನ ಬಾಡೂಟ, ಆಮೇಲೆ ಇಸ್ಪೀಟು. ನಮ್ಮ ತಾತ ಒಂದು ಯುಗಾದಿಗೆ ಅಂದರ್ ಬಾಹರ್ ಆಡಿ ಒಂದು ಜೊತೆ ಎತ್ತು ಕಳೆದುಕೊಂಡು ಬಂದಿದ್ದರಂತೆ. ಅಮ್ಮ ಆಗ ಸಣ್ಣ ಹುಡುಗಿ. ಎತ್ತು ಹೊಡೆದುಕೊಂಡು ಹೋಗಿದ್ದು ಅವರಿಗೆ ಇನ್ನೂ ನೆನಪಿದೆ. ಹಾಗಾಗಿ ನಮ್ಮನೇಲಿ ಇಸ್ಪೀಟ್ ಎಲೆ ಕಂಡರೆ ಅಮ್ಮನ ಮುಖ ಬದಲಾಗುತ್ತೆ.

ಈ ಸಲ ಹೊಸತೊಡಕಿಗೆ ನಾವು ಒಂಬತ್ತು ಜನ ಸೇರಿ ಪೋಕರ್ ಟೂರ್ನಮೆಂಟ್ ಮಾಡ್ತೀವಿ ಅಂದಾಗ ಅಮ್ಮ ಎರಡು ಷರತ್ತು ಹಾಕಿದರು. ಒಂದು ರೂಪಾಯಿ ಕೂಡ ಇರಬಾರದು. ಬಾಗಿಲು ಹಾಕಿಕೊಳ್ಳದೆ ಟೆರೇಸ್ ಮೇಲೆ ಎಲ್ಲರಿಗೂ ಕಾಣೋ ಹಾಗೆ ಆಡಬೇಕು. ಒಪ್ಪಿಕೊಂಡ್ವಿ. ಕಡಲೆಕಾಳಿಗೆ 25, ಹುಣಸೆ ಬೀಜಕ್ಕೆ 100, ಅಮ್ಮನ ಹೊಲಿಗೆ ಡಬ್ಬಿಯ ಗುಂಡಿಗೆ 500 ಅಂತ ಬೆಲೆ ಕಟ್ಟಿದ್ವಿ. ಗೆದ್ದವರಿಗೆ ಅಟ್ಟದ ಮೇಲಿದ್ದ ಒಂದು ಹಿತ್ತಾಳೆ ಚೊಂಬು. ಹೌದು, ನಮ್ಮಲ್ಲಿ ಗೆದ್ದವರಿಗೇ ಚೊಂಬು.

ಆಟ ಗೊತ್ತಿಲ್ಲದವರಿಗೆ ನಾಲ್ಕು ಸಾಲು. ಟೆಕ್ಸಾಸ್ ಹೋಲ್ಡೆಮ್‌ನಲ್ಲಿ ಪ್ರತಿಯೊಬ್ಬರಿಗೂ ಎರಡು ಎಲೆ ಮುಚ್ಚಿ ಕೊಡ್ತಾರೆ, ಮಧ್ಯದಲ್ಲಿ ಐದು ಎಲೆ ಎಲ್ಲರಿಗೂ ಸೇರಿ ಬಿಚ್ತಾರೆ. ಏಳರಲ್ಲಿ ಒಳ್ಳೇ ಐದು ಯಾರದ್ದೋ ಅವರು ಗೆದ್ದರು. ಹೀಗೆ ಒಂದು ಸಲ ಎಲೆ ಹಂಚಿ ಮುಗಿಸೋದಕ್ಕೆ ಒಂದು ‘ಕೈ’ ಅಂತೀನಿ. ಎಲೆ ನೋಡೋ ಮೊದಲೇ ಇಬ್ಬರು ಕಡ್ಡಾಯವಾಗಿ ಚಿಪ್ ಹಾಕಬೇಕು: ಸಣ್ಣ ಬ್ಲೈಂಡ್, ದೊಡ್ಡ ಬ್ಲೈಂಡ್. ಈ ಸರದಿ ಕೈಯಿಂದ ಕೈಗೆ ಎಲ್ಲರನ್ನೂ ಸುತ್ತುತ್ತೆ. ವೇಗದ ಟೂರ್ನಮೆಂಟ್‌ನಲ್ಲಿ ಈ ಬ್ಲೈಂಡ್‌ಗಳು ಬೇಗ ಬೇಗ ಏರುತ್ವೆ. ನಾವು ಫೋನಲ್ಲಿ ಹತ್ತು ನಿಮಿಷಕ್ಕೆ ಅಲಾರಂ ಇಟ್ಟಿದ್ವಿ.

ಎಲ್ಲರಿಗೂ ಶುರುವಿನಲ್ಲಿ 2,000. ಸುಮಾರು ಮುಕ್ಕಾಲು ಗಂಟೆ ಆದಮೇಲೆ ಐದು ಜನ ಉಳಿದಿದ್ವಿ, ಬ್ಲೈಂಡ್ 200/400, ನನ್ನ ಹತ್ರ 3,200. ಅಂದ್ರೆ ಎಂಟು ದೊಡ್ಡ ಬ್ಲೈಂಡ್. ಮೇಜಿನ ಸರಾಸರಿ 3,600, ಹಾಗಾಗಿ ನಾನೇನೂ ಕೆಟ್ಟಿಲ್ಲ ಅನ್ನೋ ಧೈರ್ಯ. ಎಲೆ ಹಂಚೋ ಜಾಗ, ಅಂದ್ರೆ ಬಟನ್, ನನ್ನದೇ. ನನಗೆ ಬಂದಿದ್ದು ರಾಜ, ಒಂಬತ್ತು. ಮುಂದಿನವರೆಲ್ಲ ಕೈಬಿಟ್ಟಿದ್ದರು. ನಾನೂ ಬಿಟ್ಟೆ. ಒಳ್ಳೇದು ಬರಲಿ ಅಂತ ಕಾದೆ.

ಅಲ್ಲೇ ಸೋತಿದ್ದು. ಗೊತ್ತಾಗಿದ್ದು ಮಾತ್ರ ಮುಕ್ಕಾಲು ಗಂಟೆ ಆದಮೇಲೆ.

ಯಾಕೆ ಅಂತ ನೋಡೋಣ. ಪೋಕರ್‌ನಲ್ಲಿ ‘ಎಂ’ ಅಂತ ಒಂದು ಅಳತೆ ಇದೆ. ಪಾಲ್ ಮ್ಯಾಗ್ರಿಯೆಲ್ ಅನ್ನೋ ಗಣಿತಜ್ಞರ ಹೆಸರಿನಿಂದ ಬಂದಿದ್ದು. ಡ್ಯಾನ್ ಹ್ಯಾರಿಂಗ್ಟನ್ ತಮ್ಮ ಪುಸ್ತಕಗಳಲ್ಲಿ ಅದನ್ನ ಎಲ್ಲರಿಗೂ ಪರಿಚಯ ಮಾಡಿದರು. ನಿಮ್ಮ ಚಿಪ್‌ಗಳನ್ನ ಒಂದು ಸುತ್ತಿನ ಬ್ಲೈಂಡ್ ಖರ್ಚಿನಿಂದ ಭಾಗಿಸಿ, ಅಷ್ಟೇ. ನನ್ನದು 3,200 ಭಾಗಿಸು 600, ಅಂದ್ರೆ 5.3. ಏನೂ ಆಡದೆ ಸುಮ್ಮನೆ ಕೂತರೂ ಐದು ಸುತ್ತು ಬದುಕಿರ್ತೀನಿ ಅಂತ ಅರ್ಥ. ನಾನೂ ತಲೆಯಲ್ಲಿ ಹೀಗೇ ಏನೋ ಅಂದುಕೊಂಡಿದ್ದೆ.

ಆದರೆ ಬ್ಲೈಂಡ್ ನಿಂತಿರಲ್ಲವಲ್ಲ! ನಾವು ಕೈಯಲ್ಲೇ ಎಲೆ ಕಲಸಿ ಹಂಚ್ತಿದ್ವಿ, ಮಧ್ಯೆ ಕೋಡುಬಳೆ ಬೇರೆ. ಒಂದು ಕೈಗೆ ಎರಡು ನಿಮಿಷ ಬೇಕೇ ಬೇಕು. ಹತ್ತು ನಿಮಿಷಕ್ಕೆ ಐದು ಕೈ. ಐದು ಜನ ಇದ್ದಾಗ ಐದು ಕೈ ಅಂದ್ರೆ ಸರಿಯಾಗಿ ಒಂದು ಸುತ್ತು. ಒಂದೊಂದು ಸುತ್ತಿಗೂ ಬ್ಲೈಂಡ್ ಒಂದು ಮೆಟ್ಟಿಲು ಏರ್ತಿತ್ತು. ಮೊದಲ ಸುತ್ತಿಗೆ 600 ಹೋಯ್ತು, ಉಳಿದಿದ್ದು 2,600. ಆಮೇಲೆ 300/600, ಹೋಗಿದ್ದು 900, ಉಳಿದಿದ್ದು 1,700. ಆಮೇಲೆ 400/800, ಹೋಗಿದ್ದು 1,200, ಉಳಿದಿದ್ದು 500. ಐದು ಸುತ್ತು ಅಂದುಕೊಂಡಿದ್ದು ಮೂರೇ ಸುತ್ತಿಗೆ ಮುಗೀತು. ಆನ್‌ಲೈನ್‌ನಲ್ಲಿ ಕಂಪ್ಯೂಟರ್ ಹಂಚೋದ್ರಿಂದ ಅದೇ ಹತ್ತು ನಿಮಿಷಕ್ಕೆ ಎಷ್ಟೋ ಹೆಚ್ಚು ಕೈ ಸಿಗುತ್ವೆ. ಅದಕ್ಕೇ ಟೂರ್ನಮೆಂಟ್ ಎಷ್ಟು ವೇಗದ್ದು ಅಂತ ನಿಮಿಷದಲ್ಲಿ ಅಳೆಯೋದು ಸರಿ ಅಲ್ಲ. ಒಂದು ಮೆಟ್ಟಿಲಲ್ಲಿ ನಿಮಗೆ ಎಷ್ಟು ಕೈ ಸಿಗುತ್ತೆ ಅಂತ ಕೇಳಬೇಕು.

ಈಗ ನಾನು ಕಾಯ್ತಿದ್ದ ‘ಒಳ್ಳೇದು’ ಎಷ್ಟು ಸಲ ಬರುತ್ತೆ? 52ರಲ್ಲಿ ಎರಡು ಎಲೆ ತೆಗೆಯೋಕೆ 1,326 ದಾರಿ. ಹತ್ತರ ಜೋಡಿಯಿಂದ ಎಕ್ಕದ ಜೋಡಿವರೆಗೆ ಐದು ಜೋಡಿ, ಒಂದೊಂದಕ್ಕೆ 6 ದಾರಿ, ಒಟ್ಟು 30. ಎಕ್ಕ-ರಾಜ 16 ದಾರಿ. ಸೇರಿಸಿದರೆ 46. ಅಂದ್ರೆ 29 ಕೈಗೆ ಒಂದು. ಐದು ಕೈಗೆ ಹತ್ತು ನಿಮಿಷ ಅಂದ್ರೆ ಸರಾಸರಿ ಒಂದು ಗಂಟೆ ಕಾಯಬೇಕು. ನನ್ನ ಆಯಸ್ಸು ಮೂರು ಸುತ್ತು, ಅರ್ಧ ಗಂಟೆ. ಆ 15 ಕೈಗಳಲ್ಲಿ ಅಂಥದ್ದು ಒಂದಾದರೂ ಬರೋ ಸಾಧ್ಯತೆ ನೂರಕ್ಕೆ 41. ಬಂದರೂ ಯಾವಾಗ ಬರುತ್ತೆ? ಕೊನೇಲಿ ಬಂದರೆ ಆಗ ನನ್ನ ಹತ್ರ ಏನಿರುತ್ತೆ?

ಕೋಗಿಲು ಕ್ರಾಸ್‌ನಲ್ಲಿ ಬೆಳಿಗ್ಗೆ ಖಾಲಿ ಬಸ್ಸಿಗೆ ಕಾಯೋರು ಇರ್ತಾರಲ್ಲ, ನಾನು ಅವರಾಗಿದ್ದೆ. ಮೂರು ಬಸ್ ಬಿಟ್ಟಮೇಲೆ ನಾಲ್ಕನೆಯದು ಖಾಲಿ ಬಂತು ಅಂತಲೇ ಇಟ್ಟುಕೊಳ್ಳಿ. ಮೊದಲನೇ ಗಂಟೆಯ ಅಟೆಂಡೆನ್ಸ್ ವಾಪಸ್ ಬರುತ್ತಾ?

ಇನ್ನು ಮುಖ್ಯ ವಿಷಯ. ಚಿಪ್ ಕಡಿಮೆ ಆಗ್ತಾ ಹೋದರೆ ಚಿಪ್ ಮಾತ್ರ ಹೋಗಲ್ಲ. ಅದಕ್ಕಿಂತ ಬೇಗ ಇನ್ನೊಂದು ಹೋಗುತ್ತೆ: ಎದುರಿನವರನ್ನ ಹೆದರಿಸೋ ಶಕ್ತಿ. ಇದಕ್ಕೆ ಫೋಲ್ಡ್ ಈಕ್ವಿಟಿ ಅಂತಾರೆ. ನಾವು ಎಲ್ಲ ಚಿಪ್ ಮುಂದೆ ತಳ್ಳಿದಾಗ ಎದುರಿನವರು ಕೈಬಿಟ್ಟರೆ, ನಮ್ಮ ಎಲೆ ಏನಿದ್ದರೂ ಮೇಜಿನ ಮೇಲಿನ ಬ್ಲೈಂಡ್ ನಮ್ಮದು. ಅವರು ಬಿಡ್ತಾರಾ ಇಲ್ವಾ ಅನ್ನೋದನ್ನ ನಮ್ಮ ಮುಖ ನೋಡಿ ತೀರ್ಮಾನ ಮಾಡಲ್ಲ, ಬೆಲೆ ನೋಡಿ ಮಾಡ್ತಾರೆ. ಆ ಬೆಲೆಯ ಲೆಕ್ಕ ಹೀಗೆ.

ಬ್ಲೈಂಡ್ 200/400. ನಾನು ಬಟನ್‌ನಿಂದ 3,200 ತಳ್ಳಿದೆ, ಸಣ್ಣ ಬ್ಲೈಂಡ್‌ನವನು ಬಿಟ್ಟ. ದೊಡ್ಡ ಬ್ಲೈಂಡ್‌ನವನು ಆಗಲೇ 400 ಹಾಕಿದ್ದಾನೆ, ಇನ್ನು 2,800 ಹಾಕಬೇಕು. ಹಾಕಿದರೆ ಒಟ್ಟು ಮೊತ್ತ 6,600. ಅವನಿಗೆ ಗೆಲ್ಲೋ ಸಾಧ್ಯತೆ ಕನಿಷ್ಠ 2,800 ಭಾಗಿಸು 6,600, ಅಂದ್ರೆ ನೂರಕ್ಕೆ 42 ಇರಬೇಕು. ಕೈಯಲ್ಲಿ ಎಂಟು-ಮೂರು ಇದ್ದರೆ ಸುಮ್ಮನೆ ಬಿಡ್ತಾನೆ.

ಅದೇ ಜಾಗ, ಅದೇ ಬ್ಲೈಂಡ್, ಆದರೆ ನನ್ನ ಹತ್ರ ಇರೋದು 1,000 ಅಂದುಕೊಳ್ಳಿ. ಅವನು ಇನ್ನು ಹಾಕಬೇಕಾಗಿರೋದು 600 ಮಾತ್ರ, ಒಟ್ಟು 2,200. ನೂರಕ್ಕೆ 27 ಇದ್ದರೆ ಸಾಕು. ಹೋಲ್ಡೆಮ್‌ನಲ್ಲಿ ಅತಿ ಕೆಟ್ಟ ಕೈ ಅಂತ ಹೆಸರಾದ ಬೇರೆ ಬೇರೆ ಜಾತಿಯ ಏಳು-ಎರಡು ಕೂಡ, ಎದುರಿಗೆ ಯಾವುದೋ ಎರಡು ಎಲೆ ಇದ್ದರೆ ನೂರಕ್ಕೆ ಸುಮಾರು 35 ಸಲ ಗೆಲ್ಲುತ್ತೆ. ಎಕ್ಕ-ರಾಜದ ವಿರುದ್ಧವೇ ಮೂರರಲ್ಲಿ ಒಂದು ಸಲದ ಹತ್ತಿರ ಗೆಲ್ಲುತ್ತೆ. ಹಾಗಾಗಿ ಅವನು ಎಲೆ ನೋಡದೇ ಕಾಲ್ ಮಾಡಬಹುದು, ಮಾಡಬೇಕು ಕೂಡ. ನಾನು ಹೆದರಿಸ್ತೀನಿ ಅಂತ ಹೊರಟರೆ ಹೆದರೋರೇ ಇಲ್ಲ.

ಎಂಟು ಬ್ಲೈಂಡ್‌ನಿಂದ ಎರಡೂವರೆ ಬ್ಲೈಂಡ್‌ಗೆ ಇಳಿದಾಗ ನಾನು ಕಳೆದುಕೊಂಡಿದ್ದು ಐದೂವರೆ ಬ್ಲೈಂಡ್ ಅಂತ ಕಾಣುತ್ತೆ. ನಿಜವಾಗಿ ಕಳೆದುಕೊಂಡಿದ್ದು ಗೆಲ್ಲೋ ಎರಡು ದಾರಿಗಳಲ್ಲಿ ಒಂದು ದಾರಿನೇ. ಮೊದಲು ಅವರು ಬಿಟ್ಟರೂ ಗೆಲ್ತಿದ್ದೆ, ಎಲೆ ಚೆನ್ನಾಗಿ ಬಿದ್ದರೂ ಗೆಲ್ತಿದ್ದೆ. ಈಗ ಎಲೆನೇ ಬೀಳಬೇಕು.

ಹಾಗಾದರೆ ರಾಜ-ಒಂಬತ್ತನ್ನ ತಳ್ಳಿದ್ದರೆ ಏನಾಗ್ತಿತ್ತು? ನನ್ನ ಹಿಂದೆ ಇದ್ದವರು ಇಬ್ಬರೇ. ಪ್ರತಿಯೊಬ್ಬರೂ ತಮ್ಮ ಕೈಗಳಲ್ಲಿ ಒಳ್ಳೇ ನೂರಕ್ಕೆ 15ರಲ್ಲಿ ಮಾತ್ರ ಕಾಲ್ ಮಾಡ್ತಾರೆ ಅಂದುಕೊಳ್ಳೋಣ (ನಮ್ಮ ಟೆರೇಸ್ ಹುಡುಗರ ಸ್ವಭಾವ ಹೆಚ್ಚುಕಮ್ಮಿ ಹಾಗೇ). ಇಬ್ಬರೂ ಬಿಡೋ ಸಾಧ್ಯತೆ 0.85 ಗುಣಿಸು 0.85, ಅಂದ್ರೆ ನೂರಕ್ಕೆ 72. ಆಗ ನನಗೆ 600 ಲಾಭ. ಉಳಿದ 28 ಸಲ ಯಾರಾದರೂ ಕಾಲ್ ಮಾಡ್ತಾರೆ, ಆಗ ನಾನು ಹಿಂದೆ ಇರ್ತೀನಿ, ನೂರಕ್ಕೆ 35 ಗೆಲ್ಲೋ ಸಾಧ್ಯತೆ ಅಂತ ಇಟ್ಟುಕೊಳ್ಳಿ. 6,600ರಲ್ಲಿ 35 ಭಾಗ 2,310, ಹಾಕಿದ್ದು 3,200, ಸರಾಸರಿ ನಷ್ಟ 890. ಒಟ್ಟು: 0.72 ಗುಣಿಸು 600 ಅಂದ್ರೆ 432, ಅದರಿಂದ 0.28 ಗುಣಿಸು 890, ಅಂದ್ರೆ 249 ಕಳೆಯಿರಿ. 183 ಚಿಪ್ ಲಾಭ. ಕೈಬಿಟ್ಟರೆ ಲಾಭ ಸೊನ್ನೆ.

ಇಲ್ಲಿ ಗಮನಿಸಿ, ಕಾಲ್ ಬಂದಾಗಲೆಲ್ಲ ನಾನು ಹಿಂದೆ ಇದ್ದೀನಿ ಅಂತಲೇ ಲೆಕ್ಕ ಹಾಕಿದ್ದು. ಆದರೂ ಲಾಭ. ಅವರು ನೂರಕ್ಕೆ 60 ಸಲ ಬಿಟ್ಟರೂ ನನ್ನ ಅಸಲು ಬರುತ್ತೆ. ರಾಜ-ಒಂಬತ್ತು ಒಳ್ಳೇ ಕೈ ಅನ್ನೋದು ನನ್ನ ವಾದ ಅಲ್ಲ. ಆ ಜಾಗ, ಆ ಹೊತ್ತು ಒಳ್ಳೇದಿತ್ತು.

ಜಾಗ ಬದಲಾದರೆ ಉತ್ತರವೂ ಬದಲಾಗುತ್ತೆ. ಅದೇ ಕೈ, ಅದೇ 3,200, ಆದರೆ ಮೊದಲು ಮಾತಾಡಬೇಕಾದವನು ನಾನು, ಹಿಂದೆ ನಾಲ್ಕು ಜನ. ಎಲ್ಲರೂ ಬಿಡೋ ಸಾಧ್ಯತೆ 0.85ರ ನಾಲ್ಕನೇ ಘಾತ, ನೂರಕ್ಕೆ 52 ಮಾತ್ರ. ಲಾಭ ಹೋಗಿ ನಷ್ಟಕ್ಕೆ ತಿರುಗುತ್ತೆ. ಹಿಂದೆ ಎಷ್ಟು ಜನ ಅನ್ನೋದು ಎಲೆಯಷ್ಟೇ ಮುಖ್ಯ. ಅದಕ್ಕೇ ‘ಚಿಪ್ ಕಮ್ಮಿ ಆದರೆ ಕಣ್ಣುಮುಚ್ಚಿ ತಳ್ಳು’ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಎದುರಿನವರೂ ನಮ್ಮಷ್ಟೇ ಬುದ್ಧಿವಂತರು, ನಾವು ಜಾಸ್ತಿ ತಳ್ಳೋದು ಗೊತ್ತಾಗಿ ಅವರೂ ಜಾಸ್ತಿ ಕಾಲ್ ಮಾಡ್ತಾರೆ ಅಂದ್ರೆ? ನ್ಯಾಶ್ ಸಮತೋಲನ ಬರೋದು ಇಲ್ಲಿ. ಇಬ್ಬರಲ್ಲಿ ಯಾರು ಒಬ್ಬರೇ ದಾರಿ ಬದಲಾಯಿಸಿದರೂ ಲಾಭ ಇಲ್ಲದ ಜಾಗ. ಇಬ್ಬರೇ ಉಳಿದ ಆಟದಲ್ಲಿ, ತಳ್ಳು ಇಲ್ಲಾ ಬಿಡು ಅಂತ ಎರಡೇ ಆಯ್ಕೆ ಇಟ್ಟರೆ ಇದನ್ನ ಪೂರ್ತಿ ಬಿಡಿಸಬಹುದು. ಹತ್ತು ಬ್ಲೈಂಡ್ ಇದ್ದಾಗ ಸಣ್ಣ ಬ್ಲೈಂಡ್‌ನವರು ಅರ್ಧಕ್ಕಿಂತ ಹೆಚ್ಚು ಕೈಗಳನ್ನ ತಳ್ಳಬೇಕು ಅಂತ ಉತ್ತರ ಬರುತ್ತೆ. ದೊಡ್ಡ ಬ್ಲೈಂಡ್‌ನವರು ಕಾಲ್ ಮಾಡಬೇಕಾದ್ದು ಅದಕ್ಕಿಂತ ಸಾಕಷ್ಟು ಕಡಿಮೆ. ಎರಡು ಎಲೆಯ ಕೈಗಳಲ್ಲಿ ಬೇರೆ ಬೇರೆ ಬಗೆ 169 ಮಾತ್ರ, ಹಾಗಾಗಿ 169 ಗುಣಿಸು 169ರ ಒಂದು ಮ್ಯಾಟ್ರಿಕ್ಸ್ ಸಾಕು. ಪೈಥಾನ್ ಬರೋರು ವಾರಾಂತ್ಯದಲ್ಲಿ ಮಾಡಿ ನೋಡಿ, ಮಿನಿ ಪ್ರಾಜೆಕ್ಟ್‌ಗೂ ಆಗುತ್ತೆ. ಎಂಐಟಿಯ ಪೋಕರ್ ಕೋರ್ಸ್ ಓಪನ್‌ಕೋರ್ಸ್‌ವೇರ್‌ನಲ್ಲಿ ಪುಕ್ಕಟೆ ಇದೆ. ಕೋಳಿಕ್ಕೋಡ್‌ನ ಐಐಎಂ ಕೂಡ ಪೋಕರ್ ಇಟ್ಟುಕೊಂಡು ಸ್ಪರ್ಧಾತಂತ್ರ ಕಲಿಸೋ ಕೋರ್ಸ್ ನಡೆಸಿದೆ. ಗೈಡ್ ಕೇಳಿದರೆ ಇದನ್ನ ಹೇಳಿ.

ಕಾಲ್ ಮಾಡೋದು ಯಾಕೆ ಕಡಿಮೆ ಇರಬೇಕು? ತಳ್ಳೋನಿಗೆ ಗೆಲ್ಲೋಕೆ ಎರಡು ದಾರಿ, ಕಾಲ್ ಮಾಡೋನಿಗೆ ಒಂದೇ ದಾರಿ. ಅದು ಮೊದಲ ಕಾರಣ. ಬಹುಮಾನ ಎರಡು ಮೂರು ಜನಕ್ಕೆ ಹಂಚಿದ್ದರೆ ಇನ್ನೊಂದು ಕಾರಣ ಸೇರುತ್ತೆ. ನಮ್ಮ ರಜೆಯ ಲೀಗ್‌ನಲ್ಲಿ ಮೊದಲ ಮೂವರಿಗೆ 50, 30, 20 ಅಂಕ ಕೊಡ್ತೀವಿ. ಮೂವರೇ ಉಳಿದಿದ್ದಾರೆ, ಮೂವರ ಹತ್ರನೂ 6,000. ಪ್ರತಿಯೊಬ್ಬರ ಬೆಲೆ 33.3 ಅಂಕ. ಇಬ್ಬರು ಪೂರ್ತಿ ಚಿಪ್ ಹಾಕಿ ಸಮಬಲದ ಕೈಯಲ್ಲಿ ಗುದ್ದಾಡಿದರು. ಸೋತವನಿಗೆ 20. ಗೆದ್ದವನ ಹತ್ರ 12,000, ಅವನು ಮೊದಲು ಬರೋ ಸಾಧ್ಯತೆ ಮೂರರಲ್ಲಿ ಎರಡು, ಅಂದ್ರೆ ಅವನ ಬೆಲೆ 43.3. ಎರಡರ ಸರಾಸರಿ 31.7. ಇಬ್ಬರೂ ಆಡೋ ಮೊದಲು 33.3 ಇದ್ದವರು! ಕಳೆದುಹೋದ ಅಂಕ ಎಲ್ಲಿಗೆ ಹೋಯ್ತು? ಸುಮ್ಮನೆ ಕೋಡುಬಳೆ ತಿಂತಾ ಕೂತಿದ್ದ ಮೂರನೆಯವನಿಗೆ. ಅವನ ಬೆಲೆ 36.7 ಆಯ್ತು.

ಬ್ಲೈಂಡ್ ಲೆಕ್ಕಕ್ಕೆ ಹಿಡಿಯದಿದ್ದರೆ, ಈ ಜಾಗದಲ್ಲಿ ಕಾಲ್ ಮಾಡೋಕೆ ನೂರಕ್ಕೆ 50 ಸಾಲದು, 57 ಬೇಕು. ಈ ಲೆಕ್ಕಕ್ಕೆ ಐಸಿಎಂ ಅಂತ ಹೆಸರು. ಮೇಸನ್ ಮಾಲ್ಮತ್ 1987ರಲ್ಲಿ ಪೋಕರ್‌ಗೆ ತಂದಿದ್ದು. ಆದರೆ ಅದರ ಹಿಂದಿನ ಸೂತ್ರ 1973ರಲ್ಲಿ ಡೇವಿಡ್ ಹಾರ್ವಿಲ್ ಕುದುರೆ ರೇಸಿಗೆ ಕೊಟ್ಟಿದ್ದು: ಯಾವ ಕುದುರೆ ಎರಡನೆಯದಾಗಿ, ಮೂರನೆಯದಾಗಿ ಬರುತ್ತೆ ಅನ್ನೋ ಲೆಕ್ಕ. ಚೊಂಬಿನ ಆಟದಲ್ಲಿ ಮಾತ್ರ ಇದು ಬೇಡ. ಅಲ್ಲಿ ಗೆದ್ದವನಿಗೆ ಎಲ್ಲ, ಎರಡನೆಯವನಿಗೆ ಏನೂ ಇಲ್ಲ, ಚಿಪ್ಪೇ ಬೆಲೆ. ಅಂದ್ರೆ ನಾನು ಹುಷಾರಾಗಿರೋಕೆ ಒಂದೇ ಒಂದು ಕಾರಣವೂ ಇಲ್ಲದ ಆಟದಲ್ಲಿ ನಾನು ಹುಷಾರಾಗಿದ್ದೆ.

ಕಥೆ ಮುಗಿಸಿಬಿಡ್ತೀನಿ. 500 ಉಳಿದಿತ್ತು, ಬ್ಲೈಂಡ್ 500/1,000. ಇನ್ನೆರಡು ಕೈ ಬಿಟ್ಟೆ. ಮೂರನೆಯದಕ್ಕೆ ಎಲೆ ಎತ್ತಿ ನೋಡ್ತೀನಿ, ಎಕ್ಕದ ಜೋಡಿ. 221 ಕೈಗೆ ಒಂದು ಸಲ ಬರೋದು! ತಳ್ಳಿದೆ. ಯಾರೂ ಹೆದರಬೇಕಾದ್ದೇ ಇರಲಿಲ್ಲ, ನನ್ನ ಪೂರ್ತಿ ಆಸ್ತಿ ಅವರ ಸಣ್ಣ ಬ್ಲೈಂಡ್‌ನಷ್ಟು. ಗೆದ್ದೆ. ಕೈಗೆ ಬಂದಿದ್ದು 1,500. ಮುಂದಿನ ಕೈಯಲ್ಲಿ ದೊಡ್ಡ ಬ್ಲೈಂಡ್ ನನ್ನದೇ, 1,000 ಹೋಯ್ತು. ಬಂದಿದ್ದು ಏಳು-ಮೂರು. ಉಳಿದ 500 ಕೂಡ ಹಾಕಿ ಎದ್ದೆ.

ಗೆದ್ದವನು ಹಿಂದಿನ ಬೀದಿಯ ಗೆಳೆಯ. ನಾನು 3,200 ಇಟ್ಟುಕೊಂಡು ಕಾಯೋಕೆ ಶುರು ಮಾಡಿದಾಗ ಅವನ ಹತ್ರ 2,400 ಇತ್ತು, ನನಗಿಂತ ಕಮ್ಮಿ. ಸುತ್ತಿಗೆ ಒಂದೆರಡು ಸಲ, ಹಿಂದೆ ಇಬ್ಬರೋ ಒಬ್ಬರೋ ಇದ್ದಾಗ ತಳ್ತಿದ್ದ. ಏನಿತ್ತೋ ಅಂತ ಆಮೇಲೆ ಕೇಳಿದೆ. ಒಂದು ಸಲ ಗುಲಾಮ-ಎಂಟು, ಒಂದು ಸಲ ರಾಣಿ-ಐದು ಅಂದ. ನಾನು ಬಿಟ್ಟ ರಾಜ-ಒಂಬತ್ತಿಗಿಂತ ಕಳಪೆ. ಅವನ ದೊಡ್ಡ ಬ್ಲೈಂಡ್ ಲೂಟಿಯಲ್ಲಿ ಎರಡು ನನ್ನವೇ.

ಇಷ್ಟು ಬರೆದ ಮೇಲೆ ಒಂದು ಮಾತು ಹೇಳದೆ ಇರೋಕಾಗಲ್ಲ. ನಮ್ಮ ಏರಿಯಾದ ಒಬ್ಬ ಅಣ್ಣ ಫೋನಲ್ಲಿ ದುಡ್ಡು ಕಟ್ಟಿ ಆಡ್ತಿದ್ದರು. ಮೊದಲು ಬೈಕ್ ಹೋಯ್ತು, ಆಮೇಲೆ ತಂಗಿಯ ಕಾಲೇಜು ಫೀಸ್. ನಾನು ಮೇಲೆ ಬರೆದ ಲೆಕ್ಕವೆಲ್ಲ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ‘ಕಮ್ಮಿ ಉಳಿದಾಗ ತಳ್ಳಬೇಕು ಕಣೋ’ ಅಂತ ನನಗೆ ಮೊದಲು ಹೇಳಿದ್ದೇ ಅವರು. ಆದರೆ ಆ ಸೂತ್ರ ನಿಂತಿರೋದು ಎರಡು ಷರತ್ತಿನ ಮೇಲೆ. ಸುಮ್ಮನೆ ಕೂತರೂ ಬ್ಲೈಂಡ್ ತಿಂದುಹಾಕುತ್ತೆ ಅನ್ನೋದು ಒಂದು. ಸೋತರೆ ಹೋಗೋದು ಆ ಟೂರ್ನಮೆಂಟಿನ ಹುಣಸೆ ಬೀಜ ಮಾತ್ರ, ಮುಂದಿನ ಆಟಕ್ಕೆ ಮತ್ತೆ 2,000 ಸಿಗುತ್ತೆ ಅನ್ನೋದು ಇನ್ನೊಂದು. ಬ್ಯಾಂಕ್ ಅಕೌಂಟಿನಲ್ಲಿ ಕಮ್ಮಿ ದುಡ್ಡು ಇದ್ದಾಗ ಈ ಎರಡೂ ಇಲ್ಲ. ಅಲ್ಲಿ ಆಡದೆ ಕೂತರೆ ಬ್ಲೈಂಡ್ ಕಟ್ಟಬೇಕಾಗಿಲ್ಲ. ತಾತನ ಎತ್ತುಗಳೂ ಹೀಗೇ ಹೋಗಿರಬೇಕು. ಅಂದರ್ ಬಾಹರ್‌ನಲ್ಲಂತೂ ಲೆಕ್ಕ ಮಾಡೋಕೂ ಏನೂ ಇಲ್ಲ.

ಪೋಕರ್ ಕೌಶಲವೋ ಅದೃಷ್ಟವೋ ಅನ್ನೋ ಜಗಳ ನಮ್ಮ ಹೈಕೋರ್ಟಲ್ಲೇ ನಡೆದಿದೆ. 2013ರಲ್ಲಿ ಇಂಡಿಯನ್ ಪೋಕರ್ ಅಸೋಸಿಯೇಷನ್ ಪ್ರಕರಣದಲ್ಲಿ, ಕೌಶಲದ ಆಟವಾಗಿ ಆಡಿದರೆ ಲೈಸೆನ್ಸ್ ಬೇಡ ಅಂತ ಬಂತು. 2021ರಲ್ಲಿ ರಾಜ್ಯ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಆನ್‌ಲೈನ್‌ನಲ್ಲಿ ಪಣ ಕಟ್ಟೋದನ್ನ ನಿಷೇಧ ಮಾಡಿತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನ ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಪಾಸು ಮಾಡಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಈ ಜಗಳವನ್ನೇ ಪಕ್ಕಕ್ಕಿಟ್ಟಿತು: ಕೌಶಲವಾಗಲಿ ಅದೃಷ್ಟವಾಗಲಿ, ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟಕ್ಕೆ ನಿಷೇಧ. ನನ್ನ ಕೇಳಿದರೆ ಪೋಕರ್ ಕೌಶಲದ ಆಟ, ಅನುಮಾನವೇ ಇಲ್ಲ. ಆ ಅಣ್ಣನ ತಂಗಿಗೆ ಅದರಿಂದ ಏನೂ ಆಗಬೇಕಾಗಿಲ್ಲ.

ಕೊನೆಗೆ ನಿಮಗೊಂದು ಲೆಕ್ಕ. ಐದು ಜನ ಇದ್ದಾರೆ, ಬ್ಲೈಂಡ್ 300/600. ನೀವು ಸಣ್ಣ ಬ್ಲೈಂಡ್, ಹಾಕಿರೋ 300 ಸೇರಿ ನಿಮ್ಮ ಹತ್ರ 2,600. ಮುಂದಿನ ಮೂವರೂ ಬಿಟ್ಟರು. ದೊಡ್ಡ ಬ್ಲೈಂಡ್‌ನವನ ಹತ್ರ 6,000, ಎರಡು ಸುತ್ತಿನಿಂದ ಒಂದು ಸಲವೂ ಕಾಲ್ ಮಾಡಿಲ್ಲ. ನಿಮ್ಮ ಕೈಯಲ್ಲಿ ರಾಜ-ನಾಲ್ಕು. ತಳ್ತೀರಾ, ಬಿಡ್ತೀರಾ? ಅವನಿಗೆ ಕಾಲ್ ಮಾಡೋಕೆ ನೂರಕ್ಕೆ ಎಷ್ಟು ಬೇಕು ಅನ್ನೋದರಿಂದ ಶುರು ಮಾಡಿ. ಉತ್ತರ ಬರೆದುಕೊಂಡು ಬಂದವರ ಜೊತೆ ಕ್ಲಬ್ ರೂಮಲ್ಲಿ ಕೂತು ಜಗಳ ಆಡೋಕೆ ನಾನು ರೆಡಿ. ಹುಣಸೆ ಬೀಜ ತರ್ತೀನಿ. ಚೊಂಬು ತರೋಕಾಗಲ್ಲ, ಅದು ಈಗ ಗೆಳೆಯನ ಮನೆಯ ಬಚ್ಚಲಲ್ಲಿದೆ, ಅವರಮ್ಮ ದಿನಾ ನೀರು ಹುಯ್ಯೋಕೆ ಇಟ್ಟುಕೊಂಡಿದ್ದಾರೆ.